ಹೆಬ್ಬಾವು ಮತ್ತು ಮನೆ: ಭಾರೀ ಹಾವುಗಳ ವಸತಿ, ನಿರ್ವಹಣೆ ಹಾಗೂ ಸುರಕ್ಷತೆ

ಹಾವೆಂದರೆ ನಮ್ಮ ಜನರಲ್ಲಿ ಭಯವೂ ಉಂಟು, ಭಕ್ತಿಯೂ ಉಂಟು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ಈ ನಾಡಿನಲ್ಲಿ, ಹಾವಾಡಿಗರ ಬುಟ್ಟಿಯನ್ನು ಬಿಟ್ಟರೆ, ಹಾವನ್ನು ಮನೆಯೊಳಗಿರಿಸಿ ಸಾಕುವ ವಾಡಿಕೆ ಹಿಂದೆ ಇರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಗರಗಳ ಕೆಲವರಲ್ಲಿ ವಿದೇಶಿ ಹಾವುಗಳನ್ನು ಸಾಕುವ ಹವ್ಯಾಸ ತಲೆದೋರಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್ ಹಾವುಗಳೂ 17 ಕಾಳಿಂಗ ಸರ್ಪಗಳೂ ದೊರೆತವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಪೆಟ್ಟಿಗೆಯಿಂದ 10 ಹಳದಿ ಅನಕೊಂಡ ಮರಿಗಳನ್ನು ಸುಂಕದ ಅಧಿಕಾರಿಗಳು ವಶಪಡಿಸಿಕೊಂಡರು. ಕೊಳ್ಳುವವರಿಲ್ಲದೆ ಕಳ್ಳಸಾಗಣೆ ನಡೆಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಾಲ್ ಪೈಥಾನ್ ಒಂದೂವರೆ ಮೀಟರಿನಷ್ಟೇ ಬೆಳೆಯುವ ಹಾವು. ಆದರೆ ಹೆಬ್ಬಾವು, ಅನಕೊಂಡಗಳ ಮಾತು ಬೇರೆ. ಕೊಳ್ಳುವಾಗ ಅಂಗೈಯಲ್ಲಿ ಸುತ್ತಿಕೊಂಡಿರುವ ಮರಿ, ಕೆಲವೇ ವರ್ಷಗಳಲ್ಲಿ ಒಬ್ಬ ಮನುಷ್ಯನ ಬಲಕ್ಕೆ ಮೀರಿದ ಪ್ರಾಣಿಯಾಗುತ್ತದೆ. ಇಂತಹ ಹಾವನ್ನು ಸಾಕಲು ಕಾನೂನಿನ ಅನುಮತಿ ಇದೆಯೇ, ಅದಕ್ಕೆ ಬೇಕಾದ ವಸತಿ ಎಂತಹುದು, ಅದನ್ನು ಹಿಡಿಯುವ ಕ್ರಮ ಯಾವುದು, ಅಪಾಯ ಒದಗಿದಾಗ ಏನು ಮಾಡತಕ್ಕದ್ದು ಎಂಬ ಸಂಗತಿಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಭಾರೀ ಹಾವುಗಳ ಪರಿಚಯ

ಹಿರಿದಾದ ಹಾವೇ ಹೆಬ್ಬಾವು. ಸಂಸ್ಕೃತದಲ್ಲಿ ಇದಕ್ಕೆ ಅಜಗರ, ಅಂದರೆ ಆಡನ್ನು ನುಂಗುವಂಥದು, ಎಂಬ ಹೆಸರಿದೆ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡಿಗರು ಇದೇ ಪ್ರಾಣಿಯನ್ನು ಅಲ್ಲಿಯವರು ಕೊಂಡಚಿಲುವ ಎಂದು ಕರೆಯುವುದನ್ನು ಕೇಳಿರುತ್ತಾರೆ. ಮಹಾಭಾರತದ ಅರಣ್ಯಪರ್ವದಲ್ಲಿ, ಶಾಪದಿಂದ ಅಜಗರನಾಗಿದ್ದ ನಹುಷನ ಹಿಡಿತಕ್ಕೆ ಸಿಕ್ಕಿದ ಭೀಮಸೇನನು ತನ್ನ ಬಲದಿಂದ ಬಿಡಿಸಿಕೊಳ್ಳಲಾರದೆ ಹೋಗುತ್ತಾನೆ. ಅವನನ್ನು ಬಿಡಿಸಿದ್ದು ಧರ್ಮರಾಯನ ತಿಳಿವು. ಭಾರೀ ಹಾವಿನೊಡನೆ ವ್ಯವಹರಿಸುವವರು ಈ ಕಥೆಯ ಒಳ ಅರ್ಥವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಇಲ್ಲಿ ತೋಳ್ಬಲಕ್ಕಿಂತ ಮುಂದಾಲೋಚನೆಯೇ ರಕ್ಷಣೆ.

ಭಾರತದ ಕಾಡುಗಳಲ್ಲಿ ಮೂರು ಜಾತಿಯ ಹೆಬ್ಬಾವುಗಳಿವೆ. ಕರ್ನಾಟಕದ ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಆಂಧ್ರದ ಪೂರ್ವಘಟ್ಟಗಳಲ್ಲಿಯೂ ಕಾಣಸಿಗುವ ಭಾರತೀಯ ಹೆಬ್ಬಾವು ಸಾಮಾನ್ಯವಾಗಿ 3 ಮೀಟರಿನಷ್ಟು ಉದ್ದವಿದ್ದು, ಕೆಲವು ಇನ್ನೂ ಹೆಚ್ಚು ಬೆಳೆಯುತ್ತವೆ. ಈಶಾನ್ಯ ರಾಜ್ಯಗಳಲ್ಲಿರುವ ಬರ್ಮಾ ಹೆಬ್ಬಾವು 5 ಮೀಟರ್ ಮುಟ್ಟಬಲ್ಲದು. ನಿಕೋಬಾರ್ ದ್ವೀಪಗಳಲ್ಲಿರುವ, ಮೈಮೇಲೆ ಬಲೆಯಂತಹ ಗುರುತುಗಳುಳ್ಳ ರೆಟಿಕ್ಯುಲೇಟೆಡ್ ಹೆಬ್ಬಾವು ಜಗತ್ತಿನಲ್ಲೇ ಅತಿ ಉದ್ದವಾದ ಹಾವು. ಅದು 6 ಮೀಟರನ್ನೂ ಮೀರಬಲ್ಲದು. ದಕ್ಷಿಣ ಅಮೆರಿಕದ ಹಸಿರು ಅನಕೊಂಡ ಅತಿ ಭಾರವಾದ ಹಾವೆಂದು ಹೆಸರಾಗಿದೆ.

ಇವಾವುದಕ್ಕೂ ವಿಷವಿಲ್ಲ. ವಿಷವಿಲ್ಲದ್ದರಿಂದ ಅಪಾಯವೂ ಇಲ್ಲವೆಂದು ತಿಳಿಯುವುದು ತಪ್ಪು. ಒಳಕ್ಕೆ ಬಾಗಿದ ಸೂಜಿಯಂತಹ ಹಲ್ಲುಗಳಿಂದ ಬೇಟೆಯನ್ನು ಕಚ್ಚಿ ಹಿಡಿದು, ಕ್ಷಣಾರ್ಧದಲ್ಲಿ ಮೈಯನ್ನು ಸುತ್ತಿ ಬಿಗಿಯುವುದು ಇವುಗಳ ಕ್ರಮ. ಬೇಟೆಯು ಉಸಿರುಕಟ್ಟಿ ಸಾಯುತ್ತದೆಂದು ಬಹುಕಾಲ ನಂಬಲಾಗಿತ್ತು. 2015ರಲ್ಲಿ ಪ್ರಕಟವಾದ, ಬೋವಾ ಹಾವುಗಳನ್ನು ಕುರಿತ ಪ್ರಯೋಗವೊಂದು, ಬಿಗಿತಕ್ಕೆ ಸಿಕ್ಕಿದ ಪ್ರಾಣಿಯ ರಕ್ತಪರಿಚಲನೆಯೇ ಕೆಲವು ಕ್ಷಣಗಳಲ್ಲಿ ಕುಸಿಯುತ್ತದೆಂದು ತೋರಿಸಿಕೊಟ್ಟಿತು. ಆದುದರಿಂದ ದೊಡ್ಡ ಹಾವು ಕುತ್ತಿಗೆಗೋ ಎದೆಗೋ ಸುತ್ತಿದಾಗ ಸಹಾಯಕ್ಕೆ ದೊರೆಯುವ ಸಮಯ ಬಹಳ ಕಡಿಮೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ನಾಯಿಯು ತನ್ನ ಯಜಮಾನನನ್ನು ಗುರುತಿಸಿ ಪ್ರೀತಿಸುವಂತೆ ಹಾವು ಪ್ರೀತಿಸುವುದಿಲ್ಲ. ಅದು ಮನುಷ್ಯನ ಸ್ಪರ್ಶಕ್ಕೆ ಒಗ್ಗಿಕೊಳ್ಳಬಹುದು, ಅಷ್ಟೇ. ಕೈಗೆ ಕೋಳಿಯ ಅಥವಾ ಮೊಲದ ವಾಸನೆ ಅಂಟಿದ್ದರೆ, ಹತ್ತು ವರ್ಷ ಸಾಕಿದವನ ಕೈಯೂ ಅದಕ್ಕೆ ಆಹಾರವಾಗಿಯೇ ತೋರುತ್ತದೆ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ನಮ್ಮ ದೇಶದ ಹೆಬ್ಬಾವುಗಳು ಅನುಸೂಚಿ 1ರಲ್ಲಿ ಸೇರಿವೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಇವುಗಳಿಗೂ ಇದೆ. ಇವನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಹೊಲದಲ್ಲಿ ಸಿಕ್ಕ ಮರಿಯನ್ನು ಕನಿಕರದಿಂದ ತಂದು ಸಾಕುವುದಕ್ಕೂ ಅವಕಾಶವಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ, ಅನುಸೂಚಿ 1ರ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸವೂ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ವಿಧಿಸಲ್ಪಡುತ್ತವೆ.

ವಿದೇಶಿ ಜಾತಿಗಳ ವಿಷಯದಲ್ಲಿ ಹಿಂದೆ ಸ್ಪಷ್ಟವಾದ ನಿಯಮ ಇರಲಿಲ್ಲ. ಅಳಿವಿನ ಅಂಚಿನಲ್ಲಿರುವ ಪ್ರಾಣಿ ಮತ್ತು ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತವು 1976ರಿಂದ ಬದ್ಧವಾಗಿದೆ. ಹೆಬ್ಬಾವು, ಬೋವಾ, ಅನಕೊಂಡಗಳ ಕುಟುಂಬಗಳು ಈ ಒಪ್ಪಂದದ ಪಟ್ಟಿಗಳಲ್ಲಿವೆ. ತಿದ್ದುಪಡಿಯಾದ ಕಾಯ್ದೆಯು ಈ ಪಟ್ಟಿಗಳನ್ನು ಅನುಸೂಚಿ 4ರ ಮೂಲಕ ನಮ್ಮ ಕಾನೂನಿನೊಳಕ್ಕೆ ತಂದಿತು. 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳಂತೆ, ಇಂತಹ ಜೀವಂತ ಪ್ರಾಣಿಯನ್ನು ಹೊಂದಿರುವವರು ಪರಿವೇಷ್ ಎಂಬ ಕೇಂದ್ರ ಸರ್ಕಾರದ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸಿ ನೋಂದಾಯಿಸಿಕೊಳ್ಳತಕ್ಕದ್ದು. ಮೊದಲೇ ಹೊಂದಿದ್ದವರಿಗೆ 6 ತಿಂಗಳ ಅವಧಿ ನೀಡಲಾಗಿತ್ತು. ಅನಂತರ ಪಡೆದವರು 30 ದಿನಗಳೊಳಗೆ ನೋಂದಾಯಿಸಬೇಕು. ಪ್ರಾಣಿಯು ಮರಿಹಾಕಿದರೆ, ಸತ್ತರೆ, ಬೇರೊಬ್ಬರಿಗೆ ಹಸ್ತಾಂತರವಾದರೆ ಅದನ್ನೂ ವರದಿ ಮಾಡಬೇಕು. ಕಾಗದಪತ್ರಗಳಿಲ್ಲದೆ ಮಾರುವವನಿಂದ ಕೊಂಡ ಹಾವು ಕಳ್ಳಮಾಲೇ ಸರಿ ಎಂಬುದನ್ನು ಓದುಗರು ಗಮನಿಸಬೇಕು.

ವಸತಿಯ ವ್ಯವಸ್ಥೆ

ವಿಜಯವಾಡದ ಪಟಮಟದಂತಹ ಜನನಿಬಿಡ ಬಡಾವಣೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒತ್ತೊತ್ತಾಗಿ ನಿಂತ ಬಹುಮಹಡಿ ಕಟ್ಟಡಗಳು, ಗೋಡೆಯ ಆಚೆ ಬೇರೊಂದು ಕುಟುಂಬ, ನಗರದ ನಡುವೆ ಹರಿಯುವ ಕೃಷ್ಣಾ ಕಾಲುವೆಗಳು. ಇಂತಹ ಕಡೆ ಭಾರೀ ಹಾವಿನ ಗೂಡು ಸಾಕುವವನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಅದರ ಚಿಲಕ ನೆರೆಯವರೆಲ್ಲರ ಸುರಕ್ಷತೆಯ ಚಿಲಕವೂ ಆಗಿರುತ್ತದೆ.

2013ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್ ಎಂಬ ಊರಿನಲ್ಲಿ ನಡೆದ ದುರಂತವು ಇದಕ್ಕೆ ನಿದರ್ಶನ. ಪ್ರಾಣಿಗಳ ಅಂಗಡಿಯ ಮೇಲ್ಮಹಡಿಯ ಮನೆಯೊಂದರಲ್ಲಿ ಇರಿಸಿದ್ದ ಆಫ್ರಿಕದ ಹೆಬ್ಬಾವು ತನ್ನ ಗೂಡಿನ ಮೇಲ್ಭಾಗದ ಗಾಳಿಕೊಳವೆಯೊಳಗೆ ನುಸುಳಿ, ಮತ್ತೊಂದು ಕೋಣೆಯ ಚಾವಣಿಯಿಂದ ಕೆಳಕ್ಕೆ ಬಿದ್ದಿತು. ಆ ಕೋಣೆಯಲ್ಲಿ ಮಲಗಿದ್ದ 4 ಮತ್ತು 6 ವರ್ಷದ ಇಬ್ಬರು ಸಹೋದರರು ಪ್ರಾಣ ಕಳೆದುಕೊಂಡರು. ಹಾವು ತೂಗುತ್ತಿದ್ದುದು ಸುಮಾರು 23 ಕಿಲೋಗ್ರಾಂ ಮಾತ್ರ. ಬಾಗಿಲಿಗೆ ಬೀಗ ಹಾಕಿ ಗಾಳಿಕಂಡಿಯನ್ನು ಮರೆಯುವುದು ಎಷ್ಟು ಘೋರವಾದ ಪರಿಣಾಮಕ್ಕೆ ದಾರಿಯಾಗಬಹುದೆಂಬುದನ್ನು ಈ ಘಟನೆ ತಿಳಿಸುತ್ತದೆ.

ನೋಂದಣಿಯಾದ ಭಾರೀ ಹಾವನ್ನು ಇರಿಸಿಕೊಂಡಿರುವವರು ಈ ಕೆಳಗಿನ ಅಂಶಗಳನ್ನು ಪಾಲಿಸತಕ್ಕದ್ದು:

1. ಹಾವಿಗೆ ಪ್ರತ್ಯೇಕ ಕೋಣೆ ಇರಬೇಕು. ಗೂಡಿಗೆ ಒಂದು ಬೀಗ, ಕೋಣೆಗೆ ಇನ್ನೊಂದು ಬೀಗ. ಕೋಣೆಯ ಕಿಟಕಿ, ನೀರಿನ ಕಂಡಿ, ಗಾಳಿಯಾಡುವ ತೂತುಗಳಿಗೆ ಗಟ್ಟಿಯಾದ ತಂತಿ ಜಾಲರಿ ಬಿಗಿದಿರಬೇಕು. ಬಾಗಿಲಿನಲ್ಲಿ ಒಳಗನ್ನು ನೋಡಲು ಗಾಜಿನ ಇಣುಕುಕಂಡಿ ಇದ್ದರೆ, ಹಾವು ಎಲ್ಲಿದೆಯೆಂದು ತಿಳಿದ ಮೇಲೆ ಒಳಹೋಗಬಹುದು.

2. ಹಾವು ತನ್ನ ಮೈಯನ್ನು ಪೂರ್ಣವಾಗಿ ಚಾಚುವಷ್ಟು ಸ್ಥಳ ಗೂಡಿನಲ್ಲಿರಬೇಕು. 4 ಮೀಟರಿನ ಹಾವಿಗೆ ಮೀನಿನ ಗಾಜಿನ ತೊಟ್ಟಿಯಾಗಲಿ ಕೋಳಿಗೂಡಾಗಲಿ ಎಂದಿಗೂ ಸಾಲದು. ಹಾವು ಮೂತಿಯಿಂದ ತಳ್ಳುತ್ತಲೇ ಇರುವುದರಿಂದ ಸರಿಸುವ ಸಡಿಲ ಮುಚ್ಚಳಗಳು ನಿಲ್ಲುವುದಿಲ್ಲ.

3. ಹಾವಿಗೆ ಸ್ವಂತ ಮೈಶಾಖವಿಲ್ಲ. ಅದು ಬೆಚ್ಚನೆಯ ಕಡೆಗೂ ತಂಪಿನ ಕಡೆಗೂ ಹರಿದಾಡಿ ತನ್ನ ಶಾಖವನ್ನು ಸರಿದೂಗಿಸಿಕೊಳ್ಳುತ್ತದೆ. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರುವುದು ಹೆಬ್ಬಾವುಗಳಿಗೆ ಹಿತ. ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ಗೂಡನ್ನು ಬೆಚ್ಚಗಿಡುವುದು ಸಮಸ್ಯೆಯಾದರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯವಾಡದಲ್ಲಿ ತಂಪಾಗಿಡುವುದೇ ಸಮಸ್ಯೆ. ಬಿಸಿಲಿಗೆ ಒಡ್ಡಿದ ಮಹಡಿಯ ಕೋಣೆಯಲ್ಲಿ, ವಿದ್ಯುತ್ ನಿಂತ ಮಧ್ಯಾಹ್ನದಲ್ಲಿ, ತಪ್ಪಿಸಿಕೊಳ್ಳಲು ತಂಪು ಮೂಲೆಯಿಲ್ಲದ ಹಾವು ಕೆಲವೇ ಗಂಟೆಗಳಲ್ಲಿ ಸಾಯಬಹುದು.

4. ಶಾಖ ಕೊಡುವ ದೀಪಗಳನ್ನು ಹಾವಿನ ಮೈ ತಾಗದಂತೆ ಜಾಲರಿಯ ಹೊರಗಿಟ್ಟು, ಥರ್ಮೋಸ್ಟಾಟ್ ಎಂಬ ಉಷ್ಣನಿಯಂತ್ರಕಕ್ಕೆ ಜೋಡಿಸಬೇಕು. ಹಾವು ಬಿಸಿವಸ್ತುವಿನ ಮೇಲೆ ಮಲಗಿಯೇ ಸುಟ್ಟಗಾಯ ಮಾಡಿಕೊಳ್ಳುವುದುಂಟು.

5. ಮೈಮುಳುಗುವಷ್ಟು ಅಗಲದ ನೀರಿನ ತೊಟ್ಟಿ, ಸುತ್ತಿಕೊಂಡು ಅಡಗಲು ಒಂದು ಪೆಟ್ಟಿಗೆ, ತೊಳೆಯಲು ಸುಲಭವಾದ ನೆಲ ಇವು ಅವಶ್ಯ. ಗಾಳಿಯಲ್ಲಿ ತೇವ ತೀರ ಕಡಿಮೆಯಾದರೆ ಪೊರೆ ಸರಿಯಾಗಿ ಕಳಚುವುದಿಲ್ಲ. ಗಾಳಿಯಾಡದೆ ತೇವ ಹೆಚ್ಚಿದರೆ ಚರ್ಮದ ಮತ್ತು ಶ್ವಾಸಕೋಶದ ರೋಗಗಳು ತಗಲುತ್ತವೆ.

6. ಪ್ರಕೃತಿ ವಿಕೋಪಕ್ಕೆ ಮುಂಚಿತವಾಗಿ ಸಿದ್ಧತೆ ಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಅಲ್ಲಿನ ಇಂದಿರಾ ಗಾಂಧಿ ಪ್ರಾಣಿ ಸಂಗ್ರಹಾಲಯದ ಅಸಂಖ್ಯ ಮರಗಳು ಉರುಳಿ ಅಪಾರ ಹಾನಿಯಾಯಿತು. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹಳ್ಳದ ನೆರೆ ವಿಜಯವಾಡದ ಬಡಾವಣೆಗಳಿಗೆ ನುಗ್ಗಿತು. ಮನುಷ್ಯರನ್ನೇ ದೋಣಿಯಲ್ಲಿ ಸಾಗಿಸುವ ಹೊತ್ತಿನಲ್ಲಿ ಹಾವಿನ ಗೂಡನ್ನು ಹೊರುವವರು ಯಾರು? ಗಾಳಿರಂಧ್ರಗಳುಳ್ಳ, ಬೀಗ ಹಾಕಬಹುದಾದ ಸಾಗಣೆ ಪೆಟ್ಟಿಗೆಯನ್ನೂ ದಪ್ಪ ಬಟ್ಟೆಯ ಚೀಲವನ್ನೂ ಮೊದಲೇ ಇರಿಸಿಕೊಂಡಿರಬೇಕು.

ಆಹಾರ ನೀಡುವ ಕ್ರಮ

ಭಾರೀ ಹಾವುಗಳಿಂದ ಆಗುವ ಅಪಘಾತಗಳಲ್ಲಿ ಆಹಾರದ ಸಮಯವು ಅತ್ಯಂತ ನಾಜೂಕಾದುದು. ಬೆಳೆದ ಹೆಬ್ಬಾವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಆಹಾರ ಸಾಕು; ಹೆಚ್ಚು ಕೊಟ್ಟರೆ ಕೊಬ್ಬು ಬೆಳೆಯುತ್ತದೆ. ಕೊಂದ ಪ್ರಾಣಿಯನ್ನೇ ಕೊಡಬೇಕು. ಜೀವಂತ ಇಲಿ, ಮೊಲಗಳನ್ನು ಬಿಡುವುದು ಆ ಪ್ರಾಣಿಗೆ ಹಿಂಸೆ ಮಾತ್ರವಲ್ಲ, ಅವು ಕಚ್ಚಿ ಹಾವಿಗೂ ಗಾಯಮಾಡುತ್ತವೆ. ಆಹಾರವನ್ನು ಕೈಯಿಂದ ಕೊಡದೆ ಉದ್ದವಾದ ಇಕ್ಕಳದಿಂದ ನೀಡತಕ್ಕದ್ದು. ಆಗ ಇನ್ನೊಬ್ಬ ವಯಸ್ಕರು ಜೊತೆಗಿರಬೇಕು. ಮಕ್ಕಳಾಗಲಿ ನಾಯಿ ಬೆಕ್ಕುಗಳಾಗಲಿ ಕೋಣೆಯಲ್ಲಿ ಇರಕೂಡದು. ತಿಂದ ಹಾವನ್ನು ಕನಿಷ್ಠ ಎರಡು ದಿನ, ದೊಡ್ಡ ಆಹಾರವಾದರೆ ಇನ್ನೂ ಹೆಚ್ಚು ದಿನ ಮುಟ್ಟಬಾರದು. ಗಾಬರಿಗೊಂಡರೆ ಅದು ನುಂಗಿದ್ದನ್ನು ಕಕ್ಕಿಬಿಡುತ್ತದೆ.

ಹಿಡಿಯುವ ಮತ್ತು ಎತ್ತುವ ಕ್ರಮ

ಎರಡೂವರೆ ಮೀಟರಿಗೆ ಸಮೀಪದ ಹಾವನ್ನು ಒಬ್ಬರೇ ಎಂದಿಗೂ ಎತ್ತಬಾರದು. ಹಾವಿನ ಪ್ರತಿ ಒಂದೂವರೆ ಮೀಟರ್ ಉದ್ದಕ್ಕೆ ಒಬ್ಬ ವಯಸ್ಕ ವ್ಯಕ್ತಿ ಎಂಬ ಲೆಕ್ಕ ರೂಢಿಯಲ್ಲಿದೆ. ಎಷ್ಟೇ ಸಾಧುವಾದ ಹಾವಾದರೂ ಇಬ್ಬರಿಗಿಂತ ಕಡಿಮೆ ಇರಕೂಡದು. ಗೂಡಿನ ಬಾಗಿಲು ತೆರೆದೊಡನೆ ಕೈ ಚಾಚದೆ, ಕೊಕ್ಕೆಯ ಕೋಲಿನಿಂದ ಮೈಯನ್ನು ಮೆಲ್ಲನೆ ಮುಟ್ಟಬೇಕು. ಹೀಗೆ ಪ್ರತಿ ಸಲವೂ ಮಾಡಿದರೆ, ಬಂದದ್ದು ಆಹಾರವಲ್ಲ ಎಂಬುದು ಅದಕ್ಕೆ ಅಭ್ಯಾಸದಿಂದ ತಿಳಿಯುತ್ತದೆ. ಎತ್ತುವಾಗ ಮೈಭಾರಕ್ಕೆಲ್ಲ ಆಸರೆ ಕೊಡಬೇಕು. ತಲೆಯನ್ನೋ ಬಾಲವನ್ನೋ ಹಿಡಿದು ಜೋತುಬಿಟ್ಟರೆ ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಛಾಯಾಚಿತ್ರಕ್ಕಾಗಿ ಹೆಬ್ಬಾವನ್ನು ಕುತ್ತಿಗೆಗೆ ಹಾರದಂತೆ ಹಾಕಿಕೊಳ್ಳುವುದು ಅತ್ಯಂತ ಅಪಾಯಕರವಾದ ಚಾಳಿ. ಕಣ್ಣು ಮಂಜಾಗಿ ಪೊರೆ ಬಿಡುವ ದಿನಗಳಲ್ಲಿ ಹಾವಿಗೆ ನೋಟ ಸರಿಯಿರದೆ ಅದು ಬೇಗ ಕೆರಳುವುದರಿಂದ ಆಗ ಮುಟ್ಟದಿರುವುದೇ ಲೇಸು.

ಹಾವು ಬಿಗಿದೇ ಬಿಟ್ಟರೆ ಮಾಡಬೇಕಾದುದಿಷ್ಟು. ಸುತ್ತಿನ ನಡುವನ್ನು ಎಳೆದಾಡುವುದರಿಂದ ಪ್ರಯೋಜನವಿಲ್ಲ. ಅಲ್ಲಿಯೇ ಅದರ ಬಲವೆಲ್ಲ ಇರುತ್ತದೆ. ಒಬ್ಬರು ತಲೆಯ ಹಿಂಭಾಗವನ್ನು ಹಿಡಿದಿರುವಂತೆ, ಇನ್ನೊಬ್ಬರು ಬಾಲದ ತುದಿಯಿಂದ ಆರಂಭಿಸಿ ಒಂದೊಂದೇ ಸುತ್ತನ್ನು ಬಿಚ್ಚುತ್ತ ಬರಬೇಕು. ಕಚ್ಚಿ ಹಿಡಿದಿದ್ದರೆ ಕೈಯನ್ನು ಕಿತ್ತುಕೊಳ್ಳಬಾರದು. ಒಳಕ್ಕೆ ಬಾಗಿದ ಹಲ್ಲುಗಳಿಂದ ಮಾಂಸ ಹರಿಯುತ್ತದೆ. ಬಾಯಿಗೆ ತಣ್ಣೀರನ್ನೋ ಸ್ಪಿರಿಟ್ಟನ್ನೋ ಸುರಿದರೆ ಸಾಮಾನ್ಯವಾಗಿ ಹಿಡಿತ ಸಡಿಲುತ್ತದೆ. ಕೂಡಲೇ 112ಕ್ಕೆ ಕರೆಮಾಡಿ ಸಹಾಯ ಪಡೆಯಬೇಕು. ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿಗಾಗಿ ವೈದ್ಯರನ್ನು ಕಾಣಬೇಕು.

ಆರೋಗ್ಯ ಮತ್ತು ಶುಚಿತ್ವ

ನೋಡಲು ಆರೋಗ್ಯವಾಗಿರುವ ಹಾವಿನ ಕರುಳಿನಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದುಂಟು. ಅದು ಮನುಷ್ಯರಲ್ಲಿ ಜ್ವರ, ಭೇದಿಗಳನ್ನುಂಟುಮಾಡುತ್ತದೆ. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಹಾವನ್ನೂ ಅದರ ಗೂಡನ್ನೂ ಮುಟ್ಟಕೂಡದು. ಮುಟ್ಟಿದವರು ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಗೂಡಿನ ನೀರಿನ ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಹೊಸದಾಗಿ ಬಂದ ಹಾವನ್ನು ಹಳೆಯವುಗಳಿಂದ ದೂರವಿರಿಸಿ ಕೆಲವು ವಾರ ಗಮನಿಸಬೇಕು. ಹಾವುಗಳ ಕರುಳಿಗೆ ತಗಲುವ ಅಮೀಬಾ ರೋಗವು ಒಂದರಿಂದ ಒಂದಕ್ಕೆ ಹರಡಿ ಮಾರಕವಾಗುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ನೊರೆ, ಬಹುದಿನ ಆಹಾರ ಬಿಡುವುದು ಇವು ರೋಗಲಕ್ಷಣಗಳು. ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ಎಲ್ಲ ಊರುಗಳಲ್ಲಿಯೂ ಇಲ್ಲದ ಕಾರಣ, ಅಂಥವರು ಹತ್ತಿರದಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕಾಡಿಗೆ ಬಿಡುವುದು ಪರಿಹಾರವಲ್ಲ

ಹೆಬ್ಬಾವು 20 ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಬೆಳೆದ ಹಾವನ್ನು ಸಾಕಲಾರದೆ ರಾತ್ರೋರಾತ್ರಿ ಕೆರೆಯ ದಂಡೆಗೋ ಗುಡ್ಡಕ್ಕೋ ಬಿಟ್ಟುಬರುವ ಯೋಚನೆ ಕೆಲವರಿಗೆ ಬರಬಹುದು. ಅದರ ಫಲವೇನೆಂಬುದನ್ನು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕಾಣಬಹುದು. ಸಾಕಿದವರು ಬಿಟ್ಟ ಮತ್ತು ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಅಲ್ಲಿನ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ಸಂತಾನ ಬೆಳೆಸಿ ನೆಲೆಸಿವೆಯೆಂದು 2000ದಲ್ಲಿ ಗುರುತಿಸಲಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ರಸ್ತೆಗಳಲ್ಲಿ ಕಾಣಸಿಗುತ್ತಿದ್ದ ರಕೂನ್ ಎಂಬ ಸಣ್ಣ ಪ್ರಾಣಿಗಳ ಸಂಖ್ಯೆಯು ಶೇಕಡ 99ರಷ್ಟು ಕುಸಿದಿತ್ತು. ಅದೇ ವರ್ಷ ಅಮೆರಿಕ ಸರ್ಕಾರವು ಬರ್ಮಾ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ಆದರೆ ಆ ವೇಳೆಗೆ ಹಾವುಗಳನ್ನು ಪೂರ್ತಿಯಾಗಿ ಹಿಡಿದು ತೆಗೆಯುವುದು ಸಾಧ್ಯವಾಗದ ಸ್ಥಿತಿ ಒದಗಿತ್ತು.

ನಮ್ಮ ಕೃಷ್ಣಾ, ಕಾವೇರಿ ಕಣಿವೆಗಳ ಬೆಚ್ಚನೆಯ ನೀರು, ಕಾಲುವೆ, ಗದ್ದೆಗಳಲ್ಲಿ ವಿದೇಶಿ ಹಾವಿಗೆ ಬದುಕು ಕಷ್ಟವಾಗಲಾರದು. ಅದು ತರುವ ರೋಗಗಳು ನಮ್ಮ ಹೆಬ್ಬಾವುಗಳಿಗೂ ಹರಡಬಲ್ಲವು. ಆದುದರಿಂದ ಸಾಕಲಾಗದವರು ಅರಣ್ಯ ಇಲಾಖೆಗೆ ತಿಳಿಸಿ, ಅವರು ಸೂಚಿಸಿದ ಸ್ಥಳಕ್ಕೆ ಹಾವನ್ನು ಒಪ್ಪಿಸಬೇಕು. ಹಾವು ಗೂಡಿನಿಂದ ಕಾಣೆಯಾದರೆ ನಾಚಿಕೆಯಿಂದಲೋ ಭಯದಿಂದಲೋ ಮುಚ್ಚಿಡದೆ, ಕೂಡಲೇ ನೆರೆಹೊರೆಯವರಿಗೂ ಪೊಲೀಸ್ ಮತ್ತು ಅರಣ್ಯ ಇಲಾಖೆಗಳಿಗೂ ತಿಳಿಸುವುದು ಕರ್ತವ್ಯ. ಮುಚ್ಚಿಟ್ಟ ಒಂದು ರಾತ್ರಿ ಯಾವುದೋ ಮಗುವಿನ ಪ್ರಾಣಕ್ಕೆ ಎರವಾಗಬಹುದು.

ಮನೆಯ ಬಳಿ ಹೆಬ್ಬಾವು ಕಂಡರೆ

ಮಳೆಗಾಲದಲ್ಲಿ ಕೋಳಿಗೂಡಿಗೋ ಹಿತ್ತಿಲಿಗೋ ಕಾಡಿನ ಹೆಬ್ಬಾವೇ ಬರುವುದುಂಟು. ಅದನ್ನು ಹೊಡೆಯುವುದಾಗಲಿ ಹಿಡಿದು ಚೀಲಕ್ಕೆ ತುಂಬುವುದಾಗಲಿ ಸಲ್ಲದು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿರಿಸಿ, ಹಾವು ಹೋದ ದಿಕ್ಕನ್ನು ಸುರಕ್ಷಿತ ಅಂತರದಿಂದ ಗಮನಿಸುತ್ತ, ಸಮೀಪದ ಅರಣ್ಯ ಕಚೇರಿಗೆ ತಿಳಿಸಬೇಕು. ಹೊಟ್ಟೆ ತುಂಬಿದ ಹೆಬ್ಬಾವನ್ನು ಕೆಣಕದಿದ್ದರೆ ಅದು ಮನುಷ್ಯನ ತಂಟೆಗೆ ಬರುವುದಿಲ್ಲ. ಇಲಿ, ಹೆಗ್ಗಣಗಳನ್ನು ತಿಂದು ರೈತನ ಧಾನ್ಯ ಉಳಿಸುವ ಈ ಜೀವಿ ನಮಗೆ ಉಪಕಾರಿಯೇ ಸರಿ.

ಭಾರೀ ಹಾವುಗಳ ಬಗ್ಗೆ ಆಸಕ್ತಿ ಇರುವುದು ತಪ್ಪಲ್ಲ. ಅದು ಮೆಚ್ಚತಕ್ಕ ಕುತೂಹಲ. 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ, ಬನ್ನೇರುಘಟ್ಟ ಮತ್ತು ಮಂಗಳೂರಿನ ಪಿಲಿಕುಳದ ಜೈವಿಕ ಉದ್ಯಾನಗಳು, ಆಂಧ್ರದಲ್ಲಿರುವವರಿಗೆ 1977ರಲ್ಲಿ ಆರಂಭವಾದ ವಿಶಾಖಪಟ್ಟಣದ ಸಂಗ್ರಹಾಲಯ ಈ ಕುತೂಹಲವನ್ನು ತಣಿಸಬಲ್ಲವು. ಅಲ್ಲಿ ತರಬೇತಾದ ಸಿಬ್ಬಂದಿ, ಪಶುವೈದ್ಯರು, ಭದ್ರವಾದ ಆವರಣಗಳು ಇವೆ. ಇಷ್ಟೆಲ್ಲವನ್ನೂ ಒಂದು ಕುಟುಂಬವು ತನ್ನ ಮನೆಯಲ್ಲಿ 20 ವರ್ಷಕಾಲ ಒದಗಿಸಬಲ್ಲದೇ ಎಂಬ ಪ್ರಶ್ನೆಯನ್ನು ಮರಿಯನ್ನು ಕೊಳ್ಳುವ ಮುನ್ನವೇ ಕೇಳಿಕೊಳ್ಳಬೇಕು. ಒದಗಿಸಲಾಗದೆಂದು ತಿಳಿದು ಕೈಬಿಟ್ಟವರು ತಮ್ಮ ಮನೆಯವರಿಗೂ ನೆರೆಯವರಿಗೂ ಆ ಮೂಕಪ್ರಾಣಿಗೂ ಸಮಾನವಾಗಿ ಒಳಿತನ್ನೇ ಮಾಡಿದಂತಾಗುತ್ತದೆ.